ಎದೆ ಮಟ್ಟಕ್ಕೆ ಎತ್ತಿ ನೋಡಿದ ಮೆಷಿನ್

ನಮ್ಮ ಗುತ್ತಿಗಾರು ಕಡೆ ಮರ ಕಡಿಯಲು ಕರೆಯುವವರು ಮೊದಲು ಕೇಳುವುದು ಒಂದೇ ಮಾತು: "ಎಷ್ಟು ಇಂಚಿನ ಮೆಷಿನ್ ಉಂಟು?" ಹತ್ತುವವನ ಕೈಕಾಲು ಸರಿ ಉಂಟೋ ಎಂದು ಯಾರೂ ವಿಚಾರಿಸುವುದಿಲ್ಲ. ಮರ ಹತ್ತಿ ಗೆಲ್ಲು-ಕೊಂಬೆ ಕಡಿಯುವುದೇ ನನ್ನ ಗಂಡನ ಕಸುಬು. ಹಳೆಯ ಚೈನ್ ಗರಗಸದ ಮೆಷಿನ್ ಕೆಟ್ಟು ಕೂತಾಗ, ಇನ್ನೂ ಉದ್ದ ಬ್ಲೇಡಿನದ್ದೇ ತರುವುದೆಂದು ಹೊರಟರು. ಮಳೆಗಾಲದಿಂದ ಅವರ ಬಲಭುಜ ನೋಯುತ್ತಿತ್ತು. ಅಂಗಿ ಹಾಕುವಾಗ ತೋಳು ಮೇಲೆ ಹೋಗದೆ ಹಲ್ಲು ಕಚ್ಚುವುದನ್ನು ದಿನಾ ನೋಡುತ್ತಿದ್ದೆ. ಹೇಳಿದರೆ ಕೇಳುವ ಜನವೇ ಅಲ್ಲ. ಆ ತೋಳಿನಲ್ಲಿ ಹಲಸಿನ ಮರದ ತುದಿಯಲ್ಲಿ ಅಷ್ಟು ಭಾರ ಹಿಡಿಯುತ್ತಾರೆಂದು ನೆನೆದರೆ ನನಗೆ ಹೆದರಿಕೆ. ಹೆದರಿಕೆಯಾದರೆ ನನಗೆ ಬರುವುದು ಸಿಟ್ಟು. "ನಾನೂ ಬರ್ತೇನೆ" ಎಂದು ಅವರ ಹಿಂದೆಯೇ ಪುತ್ತೂರಿನ ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ನನ್ನದು ಒಂದೇ ರಾಗ. "ಸಣ್ಣದು ಸಾಕು. ಗೆಲ್ಲು ಕಡಿಯುದಕ್ಕೆ ದೊಡ್ಡದು ಎಂತಕ್ಕೆ?"

"ಸಣ್ಣದು ಹಿಡ್ಕೊಂಡು ಹೋದ್ರೆ ತೋಟದವರು ನಗಾಡ್ತಾರೆ. ನೀನೊಮ್ಮೆ ಸುಮ್ಮನಿರು ಮಾರಾಯ್ತಿ."

ಮೆಷಿನ್ ಅಂಗಡಿಯವರು ವಯಸ್ಸಾದ ಬ್ಯಾರಿ ಮುಸಲ್ಮಾನರು, ಗಲ್ಫಿನಲ್ಲಿ ಮೆಷಿನ್ ರಿಪೇರಿ ಮಾಡಿ ಬಂದವರು. ಎಲ್ಲರೂ ಕಾಕ ಎಂದೇ ಕರೆಯುವುದು. ನನ್ನ ಗಂಡ ಸೀದಾ ದೊಡ್ಡದಕ್ಕೇ ಕೈಹಾಕಿ, ಸೊಂಟದ ಮಟ್ಟಕ್ಕೆ ಎತ್ತಿ, "ಇದೆಂತ, ಹೂವಿನ ಹಾಗೆ ಉಂಟು" ಎಂದರು.

"ಖಾಲಿ ಉಂಟಲ್ಲ, ಹಾಗೆ," ಎಂದ ಕಾಕ ಪೆಟ್ರೋಲು, ಚೈನಿನ ಎಣ್ಣೆ ಎರಡೂ ತುಂಬಿಸಿ, ಬ್ಲೇಡಿಗೆ ಕವರ್ ಹಾಕಿದರು. "ಮರದ ಮೇಲೆ ಹೋಗುದು ನೀವೇ ಅಲ್ವಾ? ಸ್ಟಾರ್ಟ್ ಮಾಡುದು ಬೇಡ. ಎದೆ ಮಟ್ಟಕ್ಕೆ ಎತ್ತಿ, ಕೈ ಚಾಚಿ ಸ್ವಲ್ಪ ಹೊತ್ತು ಹಿಡೀರಿ, ನೋಡುವ."

ಹಿಡಿದರು. ತೋಳು ನಡುಗತೊಡಗಿತು. ಮೆಷಿನ್ ಮೆಲ್ಲನೆ ಇಳಿದು ಮೇಜಿನ ಮೇಲೆ ಕೂತಿತು. "ಬಸ್ಸಿನಲ್ಲಿ ಕಂಬಿ ಹಿಡಿದು ಕೈ ಜೋಮು ಹಿಡಿದದ್ದು," ಎಂದರು. ಶುದ್ಧ ಸುಳ್ಳು, ಬಸ್ಸಿನಲ್ಲಿ ನಮಗೆ ಸೀಟು ಸಿಕ್ಕಿತ್ತು. ಈಗ ಗೊತ್ತಾಯ್ತಾ ಎಂದು ಚುಚ್ಚಲು ಬಾಯಿ ತೆರೆದವಳು ಅವರ ಮುಖ ನೋಡಿ ಸುಮ್ಮನಾದೆ.

ಕಾಕ ಏನೂ ಕಾಣದವರಂತೆ ಸಣ್ಣದೊಂದನ್ನು ತುಂಬಿಸಿ ಕೊಟ್ಟರು. ಮರದ ಮೇಲೆ ಕೊಂಡೊಯ್ಯಲೆಂದೇ ಮಾಡಿದ್ದು, ಹಿಡಿ ಮೇಲ್ಗಡೆ ಇರುವಂಥದ್ದು. ಅಬ್ಬ, ಇದಾದರೆ ಆದೀತು ಎಂದು ನನಗೆ ಜೀವ ಬಂದ ಹಾಗಾಯಿತು. ಎತ್ತಿದರು. ಸ್ವಲ್ಪ ಹೊತ್ತು ಕೈ ನಿಂತಿತು. ಆಮೇಲೆ ಅದೇ ನಡುಕ.

ಸಣ್ಣದು ದೊಡ್ಡದು ಎಂದು ಅಷ್ಟು ದೂರ ಜಗಳಾಡಿಕೊಂಡು ಬಂದದ್ದು ಬರೀ ದಂಡ ಎಂದು ನನಗೆ ಅರ್ಥವಾಯಿತು. ಕಡಬದಿಂದ ಸುಳ್ಯದವರೆಗೆ ಎಷ್ಟೋ ಮನೆಯ ಮಾಡಿಗೆ ವಾಲಿದ ಮರಗಳನ್ನು ಒಂದು ಹಂಚೂ ಒಡೆಯದೆ ಇಳಿಸಿದವರು ಅವರು. ಮರದ ತುದಿಯಿಂದ ಕೂಗಿ ನನ್ನ ಹತ್ತಿರ ನೀರು ಕೇಳುವಾಗ ಅವರ ಸ್ವರದಲ್ಲಿ ಇರುತ್ತಿದ್ದ ಖುಷಿ ನೆಲದಲ್ಲಿ ಯಾವತ್ತೂ ಇರಲಿಲ್ಲ. "ನಾಳೆ ಸರಿಯಾಗ್ತದೆ, ಇದನ್ನೇ ಕೊಡಿ" ಎನ್ನುತ್ತಾರೆಂದು ಕಾದೆ.

ಅವರು ಸಣ್ಣದನ್ನು ಮೇಜಿನ ಮೇಲಿಟ್ಟು ಆಚೆ ತಳ್ಳಿದರು.

"ನೆಲದಲ್ಲಿ ನಿಂತು ಕಡಿಯುವವನಿಗೆ ಯಾವುದು ಒಳ್ಳೆದು, ಕಾಕ?"

ಇನ್ನು ಮರ ಹತ್ತುವುದಿಲ್ಲವೆಂದೇ ಅದರ ಅರ್ಥ. ಹೊರಗೆ ಹೇಳದಿದ್ದರೂ ಅವರ ಬಾಯಿಂದ ನಾನು ಕೇಳಬೇಕೆಂದು ಆಸೆಪಟ್ಟದ್ದು ಈ ಮಾತನ್ನೇ. ಕೇಳಿದಾಗ ತಡೆಯಲಾಗಲಿಲ್ಲ, ಅಂಗಡಿಯ ಹೊರಗೆ ಹೋಗಿ ಅತ್ತುಬಿಟ್ಟೆ.