ಬಾಗಿಲುಗಳ ಶೆಡ್ಡು, ಸಾಹೇಬರ ಕೆಮ್ಮು

ನಾಗಪುರದ ಮಿಹಾನ್ ಕೈಗಾರಿಕಾ ಪ್ರದೇಶದ ಹತ್ತಿರ ನಾವು ಕಟ್ಟುತ್ತಿದ್ದ ಉಕ್ಕಿನ ಶೆಡ್ಡಿಗೆ ಎರಡೂ ಪಕ್ಕ ಬಾಗಿಲುಗಳೇ ಬಾಗಿಲುಗಳು. ಲಾರಿಗಳು ಎಲ್ಲಿಂದ ಬೇಕಾದರೂ ನುಗ್ಗಬೇಕಂತೆ. ಹಾಗಾಗಿ ಕಂಬಗಳ ನಡುವೆ ಅಡ್ಡಸಲಾಕೆ ಹಾಕುವಂತಿರಲಿಲ್ಲ. ಅದಿಲ್ಲದೆ ಚೌಕಟ್ಟು ವಾಲದೆ ನಿಲ್ಲಬೇಕಾದರೆ ಕಂಬವೂ ತೊಲೆಯೂ ಕೂಡುವ ಮೂಲೆಗಳೇ ಗಟ್ಟಿಯಾಗಬೇಕು. ಅಲ್ಲಿನ ಬೋಲ್ಟುಗಳು ಪೂರ್ತಿ ಬಿಗಿಯಾಗುವ ತನಕ ತಂತಿಹಗ್ಗಗಳು ಚೌಕಟ್ಟನ್ನು ಎಳೆದು ಹಿಡಿದಿರಬೇಕು. ಕೆಲಸಗಾರರಿಗೆ ಇದನ್ನು ತಿಳಿಸಲು ನಾನೇ ಕೈ ಚಾಚಿ ಚೌಕಟ್ಟಾಗಿ ನಿಂತೆ. ಒಬ್ಬ ಬೆರಳಿನಿಂದ ತಳ್ಳಿದ. ಬಿದ್ದೆ. ಕಡ್ಡಿಯಂಥ ಈ ಇಂಜಿನಿಯರನ ಪಾಠ ಎಲ್ಲರಿಗೂ ಅರ್ಥವಾಯಿತು.

ನನ್ನ ಇನ್ನೊಂದು ವಿದ್ಯೆ ಮ್ಯಾನೇಜರ್ ಸಾಹೇಬರ ಅಣಕು. ಊಟದ ಹೊತ್ತಿನಲ್ಲಿ ಅವರಂತೆ ಕೆಮ್ಮಿ, ಮೂಗಿನಲ್ಲಿ ಬೈದರೆ ಮೇಸ್ತ್ರಿಗೆ ನಕ್ಕು ನಕ್ಕು ನೆತ್ತಿಗೇರುತ್ತಿತ್ತು. ಮೇಸ್ತ್ರಿ ವಿಜಯಪುರದ ಕಡೆಯವರು. ಇಲ್ಲಿ ಊರಿನ ಮಾತು ಸಿಕ್ಕ ಖುಷಿಗೆ ಅವರನ್ನು ಕಾಕಾ ಎನ್ನುತ್ತಿದ್ದೆ.

ಆ ಮಧ್ಯಾಹ್ನ ಸಾಹೇಬರು ರಸ್ತೆ ಕಡೆಯ ಹಗ್ಗಗಳನ್ನು ಬಿಚ್ಚಲು ಹೇಳಿ ಕ್ಯಾಬಿನ್ ಸೇರಿಕೊಂಡರು. ಕ್ರೇನ್ ಒಳಗೆ ಬರಬೇಕಿತ್ತು. ಹಗ್ಗ ಬಿಚ್ಚಿದರು. ಕಾಕಾ ಇಬ್ಬರೊಂದಿಗೆ ತೊಲೆಯ ಮೇಲಿದ್ದರು. ಮೂಲೆಯ ಬೋಲ್ಟುಗಳಿಗಿನ್ನೂ ಕೈಬಿಗಿತವಷ್ಟೇ. ಅಷ್ಟರಲ್ಲಿ ಧೂಳೆದ್ದು ಗಾಳಿ ಬೀಸತೊಡಗಿತು.

ವಾಕಿ-ಟಾಕಿ ಹಿಡಿದು ಕೂಗಿದೆ: "ಕಾಕಾ, ಜಲ್ದಿ ಇಳೀರಿ! ಹಗ್ಗ ಇಲ್ಲ!"

"ಬೋಲ್ಟು ಮುಗಿಸ್ರಿ ಅಂತ ಸಾಹೇಬಂದು ಹುಕುಂ ಐತಿ, ಮುಗಿಸೇ ಬರ್ತೀವಿ. ನೀ ನಾಟಕ ಮಾಡಬ್ಯಾಡ."

ಕಂಬದ ತುದಿ ವಾಲಿ ಹಿಂದಕ್ಕೆ ಬಂದದ್ದನ್ನು ಕಣ್ಣಾರೆ ಕಂಡೆ. ಕ್ಯಾಬಿನ್ನಿಗೆ ಓಡಿ ಸಾಹೇಬರನ್ನು ಒಪ್ಪಿಸುವಷ್ಟು ಹೊತ್ತಿರಲಿಲ್ಲ. ಗುಂಡಿ ಒತ್ತಿ ಸಾಹೇಬರಂತೆ ಕೆಮ್ಮಿದೆ. "ಅರೇ ಭಾವು, ಸಬ್ ಲೋಗ್ ನೀಚೇ ಆವೋ. ಆರಾಮ್ ಸೇ, ಸಂಭಾಲ್ ಕೇ." ಎಲ್ಲರೂ ಕೆಳಗೆ ಬನ್ನಿ, ನಿಧಾನ, ಹುಷಾರು ಎಂದು ಅವರದೇ ಹಿಂದಿಯಲ್ಲಿ.

ಮೂವರೂ ಇಳಿದರು.

ನೆಲ ಮುಟ್ಟಿದ ಕಾಕಾ ನನ್ನನ್ನೇ ನೋಡಿದರು. "ಸಾಹೇಬ ಕೆಮ್ಮಿದ ಮ್ಯಾಲ ಬೈತಾನ. ಆರಾಮ್ ಸೇ ಅಂತ ಯಾವಾಗ ಅಂದಾನಲೇ?"

"ಗೊತ್ತಾಗಿಯೂ ಯಾಕ ಇಳದ್ರಿ?"

"ನಿನ್ನ ದನಿ ನಡಗಾಕತ್ತಿತ್ತು. ಅಣಕಿಸೂ ಮುಂದ ಹಂಗ ನಡಗಂಗಿಲ್ಲ."

ಅಷ್ಟರಲ್ಲಿ ಸಾಹೇಬರೇ ಬಂದರು, ಕೈಯಲ್ಲಿ ಅವರದೇ ವಾಕಿ-ಟಾಕಿ. ಎಲ್ಲ ಕೇಳಿಸಿಕೊಂಡಿದ್ದರು. ಯಾರೆಂದು ಕೇಳಿದರು. ನಾನೇ ಎಂದೆ. ನನ್ನ ಸ್ವಂತ ದನಿ ಅಷ್ಟು ಸಣ್ಣದೆಂದು ನನಗೇ ಗೊತ್ತಿರಲಿಲ್ಲ. ಮತ್ತೊಂದು ಗಾಳಿಗೆ ಚೌಕಟ್ಟು ಕಿರುಗುಟ್ಟಿತು. ಅವರು ಮೇಲೆ ನೋಡಿದರು, ಕೆಮ್ಮಿದರು, ಬೈಯಲಿಲ್ಲ. "ಬಾಂಧ್ ದೋ," ಎಂದರು.

ಹಗ್ಗಗಳು ಮತ್ತೆ ಬಿಗಿದವು. ನನ್ನ ವಾಕಿ-ಟಾಕಿ ಮಾತ್ರ ಅಂದೇ ಸಾಹೇಬರ ಡ್ರಾಯರ್ ಸೇರಿತು. ಮರುದಿನ ಕಾಕಾ ಬೋಲ್ಟು ಬಿಗಿಯಲು ಮೇಲೇರಿದಾಗ ಕೆಳಗಿನಿಂದ ಕೂಗಿ ನೋಡಿದೆ. ಅವರು ತಿರುಗಲಿಲ್ಲ. ನನ್ನ ದನಿ ಅಷ್ಟು ಎತ್ತರ ಹೋಗುವುದಿಲ್ಲ.