ಅವ್ವನಿಗೆ ಉಳಿದ ಭಾಷೆ

ಮಹಾರಾಷ್ಟ್ರದ ಇಚಲಕರಂಜಿಯ ಮಗ್ಗಗಳ ಗಲ್ಲಿಯಲ್ಲಿ ಹುಟ್ಟಿದ ಶಾಲನಳಿಗೆ ಕನ್ನಡವೆಂದರೆ ಮನೆಯೊಳಗಿನ ಮಾತು. ತೇರದಾಳದಿಂದ ಕೂಲಿಗೆ ಬಂದ ಅವ್ವ ಗಂಗುಬಾಯಿ ಕಾರ್ಖಾನೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಅಪ್ಪ ಮೊದಲೇ ತೀರಿಹೋಗಿದ್ದ. ಮನೆಯಲ್ಲಿ ಇಬ್ಬರೇ.

ಶಾಲನ ಏಳನೆಯ ತರಗತಿಯಲ್ಲಿದ್ದಾಗ ಒಂದು ದಿನ ಅವ್ವ ಮರಾಠಿ ಶಾಲೆಗೇ ಬಂದಳು. ಕೂದಲ ತುಂಬ ಹತ್ತಿಯ ಎಳೆ. "ಶಾಲೂ, ಡಬ್ಬಿ ಮರತ ಬಂದೀಯಲ್ಲ!" ಎಂದು ಬಾಗಿಲಲ್ಲೇ ಕೂಗಿದಳು. ಹುಡುಗಿಯರು ಕಿಸಕ್ಕನೆ ನಕ್ಕರು. ಯಾರಿವಳು ಎಂದು ಗೆಳತಿ ಪ್ರಣಾಲಿ ಕೇಳಿದಾಗ ಶಾಲನ, "ಶೇಜಾರಚಿ ಬಾಯಿ," ಎಂದುಬಿಟ್ಟಳು. ಪಕ್ಕದ ಮನೆಯ ಹೆಂಗಸು. ಅಷ್ಟು ಮರಾಠಿ ಅವ್ವನಿಗೂ ತಿಳಿಯುತ್ತಿತ್ತು.

ಅವ್ವ ಬಯ್ಯಲಿಲ್ಲ. ಅಂದಿನಿಂದ ಮಗಳೊಡನೆ ಹರಕುಮುರುಕು ಮರಾಠಿಯಲ್ಲೇ ಮಾತಾಡತೊಡಗಿದಳು. ಆ ಮರಾಠಿಯಲ್ಲಿ ಅವಳಿಗೆ ಹೇಳಲು ಬರುತ್ತಿದ್ದುದೇ ಕಡಿಮೆ. ಮನೆಯಲ್ಲಿ ಮಾತೇ ನಿಂತುಹೋದಂತಾಯಿತು. ಇಬ್ಬರೂ ಒಂದೇ ಕೋಣೆಯಲ್ಲಿ ಪರಿಚಯವಿಲ್ಲದ ಬಾಡಿಗೆದಾರರಂತೆ ಉಂಡು ಮಲಗುತ್ತಿದ್ದರು.

ಶಾಲನಳಿಗೆ ಹದಿನೇಳಾದಾಗ ಅವ್ವನಿಗೆ ಲಕ್ವ ಹೊಡೆಯಿತು. ಕೊಲ್ಲಾಪುರದ ದವಾಖಾನೆಯಲ್ಲಿ ಐದನೆಯ ದಿನ ನಾಲಿಗೆ ಹೊರಳಿತು. ಮರಾಠಿ ಮಾತ್ರ ಪೂರ್ತಿ ಅಳಿಸಿಹೋಗಿತ್ತು. ನರ್ಸು ಕೇಳಿದ್ದೊಂದೂ ತಿಳಿಯದೆ ಕಣ್ಣು ಪಿಳುಕಿಸುತ್ತಿದ್ದಳು. ಶಾಲನ ಕನ್ನಡ ಆಡಲು ಹೋದರೆ, ವರ್ಷಗಟ್ಟಲೆ ಬಳಸದ ಮಾತು ಬಾಯಿಗೇ ಬರಲೊಲ್ಲದು.

"ಅವ್ವಾ, ದುಖಣಿ... ಎಲ್ಲಿ ಆಗಾಕತ್ತೈತಿ?"

"ಬ್ಯಾನಿ ಅನ್ನಬೇಕವ್ವಾ," ಎಂದು ತೊದಲಿದಳು ಗಂಗುಬಾಯಿ. "ಎಲ್ಲಿ ಬ್ಯಾನಿ ಆಗಾಕತ್ತೈತಿ ಅಂತ ಕೇಳ."

ಹನ್ನೊಂದು ತಿಂಗಳು ಹಾಸಿಗೆಯಿಂದಲೇ ಮಗಳ ಮಾತು ತಿದ್ದಿದಳು. ಒಮ್ಮೆ ಶಾಲನ, "ಅವತ್ತ ಸಾಲ್ಯಾಗ ನಾ..." ಎಂದು ಶುರುಮಾಡಿದಳು.

"ನನ್ನ ತಲಿ ಹಿಕ್ಕ ಬಾ," ಎಂದು ಅವ್ವ ಬಾಚಣಿಗೆಯತ್ತ ಕಣ್ಣು ತೋರಿಸಿ ಮಾತು ತಪ್ಪಿಸಿದಳು.

ತಪ್ಪಾಯಿತು ಎನ್ನುವುದು ಹಾಗೇ ಉಳಿಯಿತು. ಮಳೆ ಹಿಡಿಯುವ ಮುನ್ನ ಅವ್ವ ಹೋದಳು.

ಈಗ ಶಾಲನಳಿಗೆ ಇಪ್ಪತ್ನಾಲ್ಕು. ನರ್ಸಿಂಗ್ ಕಲಿತು ಗಡಹಿಂಗ್ಲಜದ ಒಂದು ಆಸ್ಪತ್ರೆಯಲ್ಲಿದ್ದಾಳೆ. ಗಡಿಯಾಚೆಯಿಂದ ಬರುವ ಕನ್ನಡದ ಮುದುಕಿಯರೆಲ್ಲ ಅವಳ ಪಾಲಿಗೇ.

"ಯಾವೂರಾಕಿ ಯವ್ವಾ ನೀ? ಥೇಟ್ ನಮ್ಮ ಕಡಿ ಮಾತ!"

"ತೇರದಾಳದಾಕಿ ರೀ," ಅನ್ನುತ್ತಾಳೆ. ಆ ಊರನ್ನು ಅವಳು ಒಮ್ಮೆಯೂ ನೋಡಿಲ್ಲ.

ರಜೆಯ ದಿನ ಎಸ್ಟಿ ಬಸ್ ಸ್ಟ್ಯಾಂಡಿನ ಹಿಂದಿನ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಬಟ್ಟೆ ಒಗೆಯುತ್ತಾಳೆ, ಎರಡು ರೊಟ್ಟಿ ಬಡಿಯುತ್ತಾಳೆ. ಎಷ್ಟೋ ಸಲ ಸಂಜೆಯವರೆಗೂ ಬಾಯಿ ತೆರೆಯುವ ಪ್ರಸಂಗವೇ ಬರುವುದಿಲ್ಲ.