ಹಸಿ ಬಾಣಂತಿ

ಕಸದ ಆಟೋದ ಹಾಡು ತಿರುವಿನಲ್ಲಿ ಕೇಳಿಸಿದಾಗ ಸೊಣ್ಣಮ್ಮ ಅಂಗಳ ಗುಡಿಸುತ್ತಿದ್ದಳು. ಬಿಳೇಕಹಳ್ಳಿಯಲ್ಲಿ ಅವಳು ರಾಗಿ ಬೆಳೆದ ಹೊಲದಲ್ಲೀಗ ಬಾಡಿಗೆಯ ಶೀಟ್ ಮನೆಗಳಿವೆ. ಅವುಗಳಲ್ಲೊಂದರಲ್ಲಿ ಕಸ ವಿಂಗಡಿಸುವ ರೆಹಾನಾ ಮೊನ್ನೆ ಹೆತ್ತಿದ್ದಳು. ಅವಳು ಕದ್ದು ಗಡಿ ದಾಟಿ ಬಂದವಳೆಂದು ಬೀದಿಯೆಲ್ಲ ಗುಸುಗುಸು.

"ಇವತ್ತೇ ಖಾಲಿ ಮಾಡ್ಸಮ್ಮ. ಪೊಲೀಸ್ ಬಂದ್ರೆ ಓನರ್ ಅಂತ ನಿನ್ನೇ ಕೇಳೋದು," ಎಂದ ಮಗ ಮನು.

"ಕೆಲಸಕ್ಕೆ ಪರ್ಮಿಟ್ ಕೊಟ್ರೆ ಅವ್ರ್ಯಾಕೆ ಕದ್ದು ಬರ್ತಾರೆ?" ಎಂದರು ಪಕ್ಕದ ಮನೆಯ ಗಿರಿಜಾದೇವಿ. "ಅವಳಿಲ್ದಿದ್ರೆ ನಿನ್ನ ಕಸ ನೀನೇ ಬೇರೆ ಮಾಡ್ತೀಯಾ?"

"ಹಾಗಾದ್ರೆ ನೆಟ್ಟಗೆ ಬಂದೋರು ಪೆದ್ದರಾ ಆಂಟಿ?"

ಸೊಣ್ಣಮ್ಮನಿಗೂ ಪೊಲೀಸರ ಭಯವಿತ್ತು. ಆದರೂ ಹೇಳಿದಳು, "ಹಸಿ ಬಾಣಂತಿನ ಆಚೆ ಕಳಿಸೋ ಪದ್ಧತಿ ನಮ್ಮಲ್ಲಿಲ್ಲ ಕಣೋ. ಎಣ್ಣೆ ಹಚ್ಚಿ ನೀರು ಹಾಕ್ಬೇಕು ಅವಳಿಗೆ."

"ಅಲ್ಲಮ್ಮ, ನಾಳೆ ಪೊಲೀಸ್ ಕೇಳಿದ್ರೆ ಏನಂತೀಯ? ನಾನ್ ಹೇಳೋದು..."

ಸೊಣ್ಣಮ್ಮ ಪೊರಕೆ ಬದಿಗಿಟ್ಟು, ಒಳಗೆ ಒಲೆಯ ಮೇಲೆ ಕಾಯಲಿಟ್ಟಿದ್ದ ಬಿಸಿ ಹರಳೆಣ್ಣೆಯ ಬಟ್ಟಲನ್ನು ಸೆರಗಿನಲ್ಲಿ ಹಿಡಿದು ರೆಹಾನಾಳ ಮನೆಯತ್ತ ನಡೆದುಬಿಟ್ಟಳು.